ತಾರಸಿಯಿಂದ ನೀಹಾರಿಕೆ ಹಿಡಿಯಲು ಎಂಥ ಕ್ಯಾಮೆರಾ ಬೇಕು?

ಮನೆಯಲ್ಲೊಂದು ಚಿಕ್ಕ ಟೆಲಿಸ್ಕೋಪ್ ಇದೆ. ಚಂದ್ರನ ಕುಳಿಗಳನ್ನೂ ಶನಿಯ ಬಳೆಯನ್ನೂ ನೋಡಿ ಆಗಿದೆ. ಐಪೀಸ್‌ಗೆ ಮೊಬೈಲ್ ಹಿಡಿದು ತೆಗೆದ ಚಂದ್ರನ ಚಿತ್ರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿಯೂ ಆಗಿದೆ. ಈಗ ನಿಮಗೆ ಮಹಾವ್ಯಾಧನ ನೀಹಾರಿಕೆ ಬೇಕು, ದೇವಯಾನಿ ಗೆಲಾಕ್ಸಿ ಬೇಕು. ಆನ್‌ಲೈನ್ ಅಂಗಡಿ ತೆರೆದರೆ 533, 585, 2600 ಎಂದು ಬರೀ ಸಂಖ್ಯೆಗಳನ್ನೇ ಹೆಸರಾಗಿಸಿಕೊಂಡ ಕ್ಯಾಮೆರಾಗಳು ಸಾಲುಗಟ್ಟಿ ನಿಂತಿವೆ. ಬೆಲೆ ಸಾವಿರಗಳಲ್ಲಿ ಶುರುವಾಗಿ ಲಕ್ಷಗಳಿಗೆ ಏರುತ್ತದೆ. ಯಾವುದನ್ನು ನೋಡಿದರೂ ಅದರ ಪಕ್ಕದ್ದೇ ಮೇಲೇನೋ ಅನ್ನಿಸುತ್ತದೆ.

ಈ ಗೊಂದಲಕ್ಕೆ ಕಾರಣ, ನಾವು ಆಯ್ಕೆಯನ್ನು ತಪ್ಪು ತುದಿಯಿಂದ ಶುರುಮಾಡುವುದು. ಕ್ಯಾಮೆರಾ ಕೊನೆಯಲ್ಲಿ ಆರಿಸಬೇಕಾದ ವಸ್ತು. ನಿಮ್ಮ ಮೌಂಟ್, ಟೆಲಿಸ್ಕೋಪಿನ ಫೋಕಲ್ ಲೆಂಗ್ತ್, ನಿಮ್ಮ ತಾರಸಿಯ ಮೇಲಿನ ಆಕಾಶ, ನಿಮ್ಮೂರಿನ ರಾತ್ರಿಯ ಸೆಖೆ – ಈ ನಾಲ್ಕನ್ನು ಬರೆದಿಟ್ಟುಕೊಂಡರೆ ಪಟ್ಟಿಯಲ್ಲಿರುವ ಮುಕ್ಕಾಲು ಪಾಲು ಕ್ಯಾಮೆರಾಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ಆರಿಸುವುದು ಕಷ್ಟವಲ್ಲ.

ಮನೆಯಂಗಳದಿಂದ ಮಾಡುವ ಈ ಕೆಲಸ ಹೊಸದೇನಲ್ಲ. ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಸಮೀಪದ ತಮ್ಮ ಸ್ವಂತ ವೀಕ್ಷಣಾಲಯದಿಂದಲೇ ಮಹಾವ್ಯಾಧನ ನೀಹಾರಿಕೆಯ ಮೊದಲ ಫೋಟೋ ತೆಗೆದರು. ಗಾಜಿನ ತಟ್ಟೆಯ ಮೇಲೆ ಮುಕ್ಕಾಲು ಗಂಟೆಗೂ ಹೆಚ್ಚು ಕಾಲ ಬೆಳಕು ಬೀಳಿಸಬೇಕಾಯಿತು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಸೆನ್ಸರ್ ಕಲ್ಪಿಸಿದರು. 2009ರ ಭೌತವಿಜ್ಞಾನ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಇಂದು ನಮ್ಮ ಕೈಗೆ ಬರುವುದು ಅದರ ನಂತರದ ತಲೆಮಾರಿನ ಸಿಮಾಸ್ ಸೆನ್ಸರ್‌ಗಳು. ಡ್ರೇಪರ್ ಕಾಲದಿಂದ ಬದಲಾಗದೆ ಉಳಿದಿರುವುದು ಒಂದೇ: ಬೆಳಕು ಕೂಡಿಹಾಕಲು ಸಮಯ ಬೇಕು.

ಸಮಯವೇ ಏಕೆ ಮುಖ್ಯ?

ನೀಹಾರಿಕೆಯ ಬೆಳಕು ಫೋಟಾನ್‌ಗಳಾಗಿ, ಅಂಕೆಯಿಲ್ಲದ ಅಂತರದಲ್ಲಿ ಒಂದೊಂದಾಗಿ ಬಂದು ಬೀಳುತ್ತದೆ. ಒಂದು ಪಿಕ್ಸೆಲ್‌ಗೆ 100 ಫೋಟಾನ್ ಬಿದ್ದರೆ ಅದರಲ್ಲಿ ಸುಮಾರು 10ರಷ್ಟು ಏರುಪೇರು ಇದ್ದೇ ಇರುತ್ತದೆ. 400 ಬಿದ್ದರೆ ಏರುಪೇರು 20. ಬೆಳಕು ನಾಲ್ಕು ಪಟ್ಟಾದಾಗ ಏರುಪೇರು ಎರಡೇ ಪಟ್ಟು. ಹಾಗಾಗಿ ಒಂದು ಗಂಟೆಯ ಬದಲು ನಾಲ್ಕು ಗಂಟೆಯ ಚಿತ್ರಗಳನ್ನು ಕೂಡಿಸಿದರೆ, ಅಂದರೆ ಸ್ಟ್ಯಾಕ್ ಮಾಡಿದರೆ, ಚಿತ್ರ ಎರಡು ಪಟ್ಟು ಸ್ವಚ್ಛವಾಗುತ್ತದೆ.

ಇಲ್ಲೊಂದು ತೊಡಕಿದೆ. ಬೀದಿದೀಪಗಳಿಂದ ಬೆಳಗಿದ ಆಕಾಶವೂ ಅದೇ ಪಿಕ್ಸೆಲ್‌ಗೆ ಫೋಟಾನ್ ಸುರಿಯುತ್ತದೆ. ಆ ಹೊಳಪನ್ನು ಸಾಫ್ಟ್‌ವೇರ್‌ನಲ್ಲಿ ಕಳೆಯಬಹುದು, ಅದು ತಂದ ಏರುಪೇರನ್ನು ಕಳೆಯಲಾಗದು. ಕ್ಯಾಮೆರಾ ಸೇರಿಸುವ ಗದ್ದಲ ಎರಡು ಬಗೆಯದು. ಒಂದು, ಪ್ರತಿ ಚಿತ್ರವನ್ನು ಓದುವಾಗ ಸೇರುವ ರೀಡ್ ನಾಯ್ಸ್. ಇನ್ನೊಂದು, ಸೆನ್ಸರಿನ ಬಿಸಿಯಿಂದ ಹುಟ್ಟುವ ಡಾರ್ಕ್ ಕರೆಂಟ್. ಬೆಂಗಳೂರಿನಂಥ ನಗರದ ನಡುವೆ, ಫಿಲ್ಟರ್ ಇಲ್ಲದೆ ತೆಗೆಯುವ ಒಂದೆರಡು ನಿಮಿಷದ ಚಿತ್ರದಲ್ಲಿ ಆಕಾಶದ ಗದ್ದಲದ ಮುಂದೆ ರೀಡ್ ನಾಯ್ಸ್ ಲೆಕ್ಕಕ್ಕೇ ಬರುವುದಿಲ್ಲ. ನಗರದವರು ರೀಡ್ ನಾಯ್ಸ್‌ನ ದಶಮಾಂಶಗಳನ್ನು ಹೋಲಿಸುತ್ತಾ ರಾತ್ರಿಗಟ್ಟಲೆ ಕೂರಬೇಕಿಲ್ಲ. ಆ ರಾತ್ರಿ ತಾರಸಿ ಹತ್ತಿದರೆ ಅದಕ್ಕಿಂತ ಹೆಚ್ಚು ಲಾಭ.

ಆಯ್ಕೆಯ ಹೆಜ್ಜೆಗಳು

1. ಮೌಂಟ್ ಮೊದಲು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತವೆ. ಅವುಗಳ ಬೆನ್ನುಹತ್ತುವ ಈಕ್ವಟೋರಿಯಲ್ ಮೌಂಟ್ ಇಲ್ಲದೆ ಎಷ್ಟು ಬೆಲೆಯ ಕ್ಯಾಮೆರಾ ಇದ್ದರೂ ಗೆರೆಗಳೇ ಸಿಗುತ್ತವೆ. ನಮ್ಮಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಮೌಂಟಿನ ಅಕ್ಷ ನೋಡಬೇಕಾದ ಧ್ರುವ ನಕ್ಷತ್ರ ಬೆಂಗಳೂರು, ಮಂಗಳೂರುಗಳಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ನೀವು ಕೊಳ್ಳುವ ಮೌಂಟ್ ಅಷ್ಟು ಕೆಳಗೆ ಬಾಗುತ್ತದೆಯೇ, ಬಾಗಿದಾಗ ಪ್ರತಿತೂಕದ ಸರಳು ಟ್ರೈಪಾಡ್ ಕಾಲಿಗೆ ತಾಗುತ್ತದೆಯೇ ಎಂದು ಕೇಳಿ. ಪಕ್ಕದ ಮನೆಯೋ ತೆಂಗಿನ ಮರವೋ ಧ್ರುವವನ್ನು ಮರೆಮಾಡಿದ್ದರೆ ಚಿಂತೆಯಿಲ್ಲ. ‘ನೀನಾ’ ಎಂಬ ಉಚಿತ ತಂತ್ರಾಂಶದ ಮೂರು ಬಿಂದುಗಳ ವಿಧಾನದಲ್ಲಿ ಆಕಾಶದ ಬೇರೆ ಭಾಗ ನೋಡಿಯೇ ಮೌಂಟನ್ನು ಧ್ರುವಕ್ಕೆ ಹೊಂದಿಸಬಹುದು. ಒಟ್ಟು ಹಣದಲ್ಲಿ ದೊಡ್ಡ ಪಾಲು ಮೌಂಟ್‌ಗೇ ಹೋಗಲಿ.

2. ನಿಮ್ಮ ಆಕಾಶ ಎಂಥದ್ದು, ಯಾವ ದಿಕ್ಕು ತೆರೆದಿದೆ? ಆಕಾಶದ ಕತ್ತಲನ್ನು 1ರಿಂದ 9ರವರೆಗೆ ಅಳೆಯುವ ಬಾರ್ಟಲ್ ಮಾಪನವನ್ನು ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದರು. ದೊಡ್ಡ ನಗರದ ಮಧ್ಯಭಾಗ 8 ಅಥವಾ 9. ಊರ ಹೊರಗಿನ ತೋಟದ ಮನೆಯಲ್ಲಿ 4 ಸಿಕ್ಕರೆ ಅದೃಷ್ಟ. 8–9ರಲ್ಲಿರುವವರು ಜಲಜನಕದ ಕೆಂಪು ಬೆಳಕು ಸೂಸುವ ನೀಹಾರಿಕೆಗಳನ್ನೂ ತಾರಾಗುಚ್ಛಗಳನ್ನೂ ಗುರಿಯಾಗಿಸಿಕೊಳ್ಳುವುದು ಲೇಸು. ಮಂದ ಗೆಲಾಕ್ಸಿಗಳನ್ನು ಊರಿಗೆ ಹೋದಾಗ ನೋಡಿಕೊಳ್ಳಬಹುದು.

ದಕ್ಷಿಣ ದಿಕ್ಕು ತೆರೆದಿರುವ ತಾರಸಿ ಇದ್ದರೆ ಅದನ್ನು ಬಳಸಿಕೊಳ್ಳಿ. ಯೂರೋಪಿನ ಬಹುಭಾಗದ ಹವ್ಯಾಸಿಗಳಿಗೆ ಮನೆಯಿಂದ ಕಾಣದ ಒಮೆಗಾ ಸೆಂಟಾರಿ ತಾರಾಗುಚ್ಛ ಬೆಂಗಳೂರಿನಿಂದ ಸುಮಾರು 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಏಪ್ರಿಲ್–ಮೇ ತಿಂಗಳ ರಾತ್ರಿಗಳು ಅದಕ್ಕೆ ಹೇಳಿಮಾಡಿಸಿದವು. ಕರೀನಾ ನೀಹಾರಿಕೆ ಕೂಡ 17 ಡಿಗ್ರಿಯವರೆಗೆ ಏರುತ್ತದೆ. ಇವೆರಡೂ ದೊಡ್ಡವು, ಬೆಳಗುವಂಥವು. ಸಾಧಾರಣ ಕ್ಯಾಮೆರಾಕ್ಕೂ ಒಲಿಯುತ್ತವೆ.

3. ಪಿಕ್ಸೆಲ್ ಲೆಕ್ಕ ಮಾಡಿ. ಇದನ್ನು ದಾಟಿಸಿ ಮುಂದೆ ಹೋಗಬೇಡಿ. ಕ್ಯಾಮೆರಾ ಆಯ್ಕೆಯ ತಿರುಳು ಇರುವುದೇ ಇಲ್ಲಿ. ಪಿಕ್ಸೆಲ್‌ನ ಅಗಲವನ್ನು ಮೈಕ್ರಾನ್‌ನಲ್ಲಿ ಬರೆದುಕೊಂಡು 206ರಿಂದ ಗುಣಿಸಿ, ಟೆಲಿಸ್ಕೋಪಿನ ಫೋಕಲ್ ಲೆಂಗ್ತ್‌ನಿಂದ (ಮಿ.ಮೀ.ನಲ್ಲಿ) ಭಾಗಿಸಿ. ಬರುವ ಉತ್ತರ, ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ ನೋಡುತ್ತದೆ ಎಂಬುದು. 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾವನ್ನು 400 ಮಿ.ಮೀ. ಟೆಲಿಸ್ಕೋಪಿಗೆ ಜೋಡಿಸಿದರೆ ಸುಮಾರು 1.9. ಅದೇ ಕ್ಯಾಮೆರಾ 1200 ಮಿ.ಮೀ. ನ್ಯೂಟೋನಿಯನ್‌ಗೆ ಹೋದರೆ ಸುಮಾರು 0.65.

ಇದರ ಅರ್ಥವೇನು? ನಮ್ಮ ಮೇಲಿನ ವಾತಾವರಣ ಕದಲುತ್ತಲೇ ಇರುವುದರಿಂದ ದೀರ್ಘ ಎಕ್ಸ್‌ಪೋಶರ್‌ನಲ್ಲಿ ನಕ್ಷತ್ರದ ಬಿಂದು ಸಾಮಾನ್ಯವಾಗಿ 2ರಿಂದ 4 ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡುತ್ತದೆ. ದಿನವಿಡೀ ಕಾದ ಕಾಂಕ್ರೀಟ್ ತಾರಸಿಯಿಂದ ರಾತ್ರಿ ಬಿಸಿಗಾಳಿ ಮೇಲೇಳುವಾಗ ಇನ್ನೂ ಹೆಚ್ಚು. ಆಕಾಶವೇ ಮಸುಕು ಮಾಡಿದ್ದನ್ನು 0.5ರ ಪಿಕ್ಸೆಲ್‌ಗಳಲ್ಲಿ ಹಂಚಿದರೆ ವಿವರವೇನೂ ಹೆಚ್ಚುವುದಿಲ್ಲ. ಪ್ರತಿ ಪಿಕ್ಸೆಲ್‌ನ ಪಾಲಿನ ಬೆಳಕು ಕಡಿಮೆಯಾಗುತ್ತದೆ, ಮೌಂಟ್‌ನ ಸಣ್ಣ ನಡುಕವೂ ಎದ್ದು ಕಾಣುತ್ತದೆ. 1ರಿಂದ 2.5ರ ನಡುವೆ ಬರುವ ಜೋಡಿ ಮನೆಯ ತಾರಸಿಗೆ ಸರಿಹೊಂದುತ್ತದೆ. 135 ಅಥವಾ 200 ಮಿ.ಮೀ. ಲೆನ್ಸ್‌ನಲ್ಲಿ ಅಗಲವಾದ ಚಿತ್ರ ತೆಗೆಯುವವರು 4ರಿಂದ 6 ಬಂದರೂ ಹಿಂಜರಿಯಬೇಕಿಲ್ಲ. ಮೆಗಾಪಿಕ್ಸೆಲ್ ಎಷ್ಟಿದೆ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಿ.

4. ಸೆನ್ಸರಿನ ಗಾತ್ರ. ಸೆನ್ಸರಿನ ಅಗಲವನ್ನು (ಮಿ.ಮೀ.) 57.3ರಿಂದ ಗುಣಿಸಿ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಆಕಾಶದ ಎಷ್ಟು ಡಿಗ್ರಿ ಚಿತ್ರದೊಳಗೆ ಬರುತ್ತದೆ ಎಂದು ತಿಳಿಯುತ್ತದೆ. 400 ಮಿ.ಮೀ. ಟೆಲಿಸ್ಕೋಪಿನಲ್ಲಿ 11.3 ಮಿ.ಮೀ. ಚೌಕದ ಐಎಂಎಕ್ಸ್ 533 ಸೆನ್ಸರ್ 1.6 ಡಿಗ್ರಿ ನೋಡುತ್ತದೆ. ಒಂದು ಡಿಗ್ರಿಯಷ್ಟಿರುವ ಮಹಾವ್ಯಾಧನ ನೀಹಾರಿಕೆ ಅದರಲ್ಲಿ ನೆಮ್ಮದಿಯಾಗಿ ಕೂರುತ್ತದೆ. ದೇವಯಾನಿ ಗೆಲಾಕ್ಸಿ ಮಾತ್ರ 3 ಡಿಗ್ರಿ ಚಾಚಿಕೊಂಡಿದೆ, ಅದಕ್ಕೆ 23.5 ಮಿ.ಮೀ. ಅಗಲದ ಎಪಿಎಸ್-ಸಿ ಗಾತ್ರ ಬೇಕು.

ದೊಡ್ಡ ಸೆನ್ಸರ್ ದೊಡ್ಡ ಖರ್ಚನ್ನೂ ಎಳೆದುತರುತ್ತದೆ. ಅಂಚಿನವರೆಗೂ ನಕ್ಷತ್ರಗಳನ್ನು ದುಂಡಗೆ ತೋರಿಸಬಲ್ಲ ಟೆಲಿಸ್ಕೋಪ್ ಬೇಕು, ಎರಡಂಗುಲದ ಫಿಲ್ಟರ್ ಬೇಕು, ತೂಕ ತಾಳುವ ಫೋಕಸರ್ ಬೇಕು. ಅಗ್ಗದ 70–80 ಮಿ.ಮೀ. ಟೆಲಿಸ್ಕೋಪಿಗೆ ಫುಲ್ ಫ್ರೇಮ್ ಕ್ಯಾಮೆರಾ ಕಟ್ಟಿದರೆ ಮೂಲೆಗಳನ್ನು ಕತ್ತರಿಸಿ ಎಸೆಯುವುದೇ ಕೆಲಸವಾಗುತ್ತದೆ. ಕೊಟ್ಟ ದುಡ್ಡೂ ಆ ಮೂಲೆಗಳ ಜೊತೆಗೇ ಹೋಗುತ್ತದೆ.

5. ಬಣ್ಣದ್ದೋ, ಮೊನೊ ಕ್ಯಾಮೆರಾವೋ? ಬಣ್ಣದ ಸೆನ್ಸರಿನಲ್ಲಿ ಅರ್ಧ ಪಿಕ್ಸೆಲ್‌ಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ ಮೀಸಲು. ಮೊನೊದಲ್ಲಿ ಎಲ್ಲ ಪಿಕ್ಸೆಲ್‌ಗಳೂ ಎಲ್ಲ ಬೆಳಕನ್ನೂ ಹಿಡಿಯುತ್ತವೆ, ಆದರೆ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಫಿಲ್ಟರ್, ಅವನ್ನು ಬದಲಿಸಲು ಫಿಲ್ಟರ್ ವೀಲ್ ಬೇಕು. ನಗರದ ಬೆಳಕನ್ನು ಸೀಳಲು ಮೊನೊಗೆ ಸಾಟಿಯಿಲ್ಲ ಎನ್ನುವುದು ನಿಜ. ಆದರೂ ಮೊದಲ ಕ್ಯಾಮೆರಾ ಬಣ್ಣದ್ದೇ ಇರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಕೆಂಪು ಚಿತ್ರಗಳು ಮುಗಿದು ನೀಲಿಗೆ ಬರುವಷ್ಟರಲ್ಲಿ ಮೋಡ ಕವಿದರೆ ಮೊನೊದವರ ಕೈಯಲ್ಲಿ ಪೂರ್ತಿ ಚಿತ್ರ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಮೇಲೂ ಹಿಂಗಾರಿನ ಕಾಟ ಇರುವ ನಮ್ಮಲ್ಲಿ ಇದು ಆಗಾಗ ಆಗುವಂಥದ್ದೇ. ಜಲಜನಕದ 656 ಮತ್ತು ಆಮ್ಲಜನಕದ 501 ನ್ಯಾನೋಮೀಟರ್ ಬೆಳಕನ್ನಷ್ಟೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಸೇರಿಸಿದರೆ ಬಣ್ಣದ ಕ್ಯಾಮೆರಾ ನಗರದ ನಡುವೆಯೂ ರೋಸೆಟ್ ನೀಹಾರಿಕೆಯನ್ನು ಎತ್ತಿ ಕೊಡುತ್ತದೆ.

6. ಕೂಲಿಂಗ್ ಬೇಕೇ? ಡಾರ್ಕ್ ಕರೆಂಟ್ ಸುಮಾರು 6 ಡಿಗ್ರಿ ಸೆಲ್ಸಿಯಸ್‌ಗೊಮ್ಮೆ ದುಪ್ಪಟ್ಟಾಗುತ್ತದೆ. 30 ಡಿಗ್ರಿಯಿಂದ ಸೊನ್ನೆಗೆ ಇಳಿಸಿದರೆ ಅದು ಸುಮಾರು 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಚಳಿ ದೇಶದವರು ‘ಕೂಲಿಂಗ್ ಇಲ್ಲದಿದ್ದರೂ ನಡೆಯುತ್ತದೆ’ ಎಂದು ಬರೆದದ್ದನ್ನು ಓದಿ ತೀರ್ಮಾನಿಸಬೇಡಿ. ಅವರ ರಾತ್ರಿಯೇ ಬೇರೆ, ನಮ್ಮ ರಾತ್ರಿಯೇ ಬೇರೆ. ಇನ್ನೊಂದು ಅನುಕೂಲ ಇದಕ್ಕಿಂತಲೂ ದೊಡ್ಡದು. ಉಷ್ಣಾಂಶವನ್ನು ನಿಗದಿ ಮಾಡಿಡಲು ಬರುವುದರಿಂದ, ಸೆನ್ಸರಿನ ಬಿಸಿಯ ಗುರುತುಗಳನ್ನು ಕಳೆಯಲೆಂದು ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಫ್ರೇಮ್‌ಗಳನ್ನು ಮಳೆಗಾಲದಲ್ಲಿ ಮನೆಯೊಳಗೇ ತೆಗೆದಿಟ್ಟುಕೊಂಡು ತಿಂಗಳುಗಟ್ಟಲೆ ಬಳಸಬಹುದು. ಮೋಡವಿಲ್ಲದ ಒಂದು ನಿಮಿಷವೂ ಅದಕ್ಕೆ ಖರ್ಚಾಗುವುದಿಲ್ಲ.

ಆದರೆ ಕೂಲರ್‌ಗೂ ಮಿತಿಯಿದೆ. ಹೆಚ್ಚಿನ ಮಾದರಿಗಳು ಹೊರಗಿನ ಉಷ್ಣಾಂಶಕ್ಕಿಂತ 30–35 ಡಿಗ್ರಿ ಮಾತ್ರ ಕೆಳಗಿಳಿಯಬಲ್ಲವು. ಬೇಸಿಗೆಯಲ್ಲಿ ಕಲಬುರಗಿಯ ತಾರಸಿಯಲ್ಲಿ ರಾತ್ರಿ ಒಂಬತ್ತಕ್ಕೆ 32 ಡಿಗ್ರಿ ಇದ್ದರೆ ಮೈನಸ್ 10ರ ಆಸೆ ಬಿಡಿ. ಬೇಸಿಗೆಗೆ ಸೊನ್ನೆ ಅಥವಾ 5, ಚಳಿಗಾಲಕ್ಕೆ ಮೈನಸ್ 10 ಎಂದು ಎರಡು ಅಂಕಿ ಇಟ್ಟುಕೊಂಡು, ಎರಡಕ್ಕೂ ಡಾರ್ಕ್ ಫ್ರೇಮ್‌ಗಳ ಪ್ರತ್ಯೇಕ ಕಂತೆ ಮಾಡಿ. ಕೂಲರ್ ಪೂರ್ತಿ ನೂರಕ್ಕೆ ನೂರರಷ್ಟು ದುಡಿಯುವಂತೆ ಬಿಡದೆ 70–80ರಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಉಷ್ಣಾಂಶ ಸ್ಥಿರವಾಗಿ ನಿಲ್ಲುವುದಿಲ್ಲ.

ಹಾಗಾದರೆ ಯಾವುದು?

ಮನೆಯಲ್ಲಿ ಈಗಾಗಲೇ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಇದ್ದರೆ ಮೊದಲ ಒಂದು ಋತುವನ್ನು ಅದರಲ್ಲೇ ಕಳೆಯಿರಿ. ಕೃತ್ತಿಕೆ, ದೇವಯಾನಿ, ಒಮೆಗಾ ಸೆಂಟಾರಿಗೆ ಅದು ಸಾಕು. ಅದರ ಕೊರತೆ ಕಾಣುವುದು ಕೆಂಪು ನೀಹಾರಿಕೆಗಳಲ್ಲಿ. ಮನುಷ್ಯರ ಮೈಬಣ್ಣ ಸಹಜವಾಗಿ ಬರಲೆಂದು ಸೆನ್ಸರಿನ ಮುಂದೆ ಕೂರಿಸಿರುವ ಫಿಲ್ಟರ್ ಜಲಜನಕದ ಕೆಂಪನ್ನು ಬಹುತೇಕ ಮಾದರಿಗಳಲ್ಲಿ ಕಾಲು ಭಾಗದಷ್ಟೇ ಒಳಗೆ ಬಿಡುತ್ತದೆ. ಇದೇ ಕಾರಣಕ್ಕೆ ಕ್ಯಾನನ್ 2012ರಲ್ಲಿ 60ಡಿಎ, ನಿಕಾನ್ 2015ರಲ್ಲಿ ಡಿ810ಎ ಎಂಬ ಖಗೋಳ ಮಾದರಿಗಳನ್ನು ತಂದಿದ್ದವು. ಆ ಫಿಲ್ಟರ್ ತೆಗೆಸಿ ಬದಲಿಸುವವರೂ ಇದ್ದಾರೆ. ಮಾಡಿಸಿದರೆ ವಾರಂಟಿ ಹೋಗುತ್ತದೆ, ಮದುವೆ-ಮುಂಜಿಯ ಫೋಟೋದಲ್ಲಿ ಎಲ್ಲರೂ ಕೆಂಪಾಗಿ ಕಾಣುತ್ತಾರೆ. ಮನೆಯವರೆಲ್ಲ ಬಳಸುವ ಕ್ಯಾಮೆರಾಕ್ಕೆ ಇದು ಬೇಡ.

ಹೊಸದಾಗಿ ಖಗೋಳ ಕ್ಯಾಮೆರಾವನ್ನೇ ಕೊಳ್ಳುವುದಾದರೆ, 250ರಿಂದ 700 ಮಿ.ಮೀ. ಟೆಲಿಸ್ಕೋಪ್ ಇರುವ ಹೆಚ್ಚಿನವರಿಗೆ ನನ್ನ ಸಲಹೆ ಐಎಂಎಕ್ಸ್ 533 ಸೆನ್ಸರಿನ ಕೂಲಿಂಗ್ ಇರುವ ಬಣ್ಣದ ಕ್ಯಾಮೆರಾ. 3.76 ಮೈಕ್ರಾನ್ ಪಿಕ್ಸೆಲ್ ಈ ಟೆಲಿಸ್ಕೋಪುಗಳಿಗೆ ಹೊಂದುತ್ತದೆ. ಮೂಲೆಯಲ್ಲಿ ಹೊಳಪು ಹರಡುವ ಆ್ಯಂಪ್ ಗ್ಲೋ ಕಾಟ ಇದರಲ್ಲಿಲ್ಲ. ಸೆನ್ಸರ್ ಚಿಕ್ಕದಾದ್ದರಿಂದ ಸಾಧಾರಣ ಟೆಲಿಸ್ಕೋಪಿನಲ್ಲೂ ಮೂಲೆಯವರೆಗೆ ನಕ್ಷತ್ರಗಳು ಚೊಕ್ಕವಾಗಿರುತ್ತವೆ. ಇದೇ ಅಳತೆಯ ಪಿಕ್ಸೆಲ್ ಇರುವ ಐಎಂಎಕ್ಸ್ 571 ಎಪಿಎಸ್-ಸಿ ಗಾತ್ರದ್ದು, 26 ಮೆಗಾಪಿಕ್ಸೆಲ್‌ನದು. 2600 ಎಂಬ ಹೆಸರಿನಲ್ಲಿ ಕಾಣುವುದು ಇದನ್ನೇ. ಟೆಲಿಸ್ಕೋಪ್ ಒಳ್ಳೆಯದಿದ್ದು ಜೇಬೂ ತಡೆದರೆ ಇದನ್ನು ಕೊಂಡವರು ಬಹುಕಾಲ ಬೇರೆ ಕಡೆ ನೋಡಬೇಕಿಲ್ಲ. 2.9 ಮೈಕ್ರಾನ್‌ನ 585 ಚಿಕ್ಕ ಫೋಕಲ್ ಲೆಂಗ್ತ್‌ನವರಿಗೆ, ಗ್ರಹಗಳನ್ನೂ ತೆಗೆಯಬೇಕೆನ್ನುವವರಿಗೆ ಹೊಂದುತ್ತದೆ.

ಮೌಂಟ್, ಟೆಲಿಸ್ಕೋಪ್, ಲ್ಯಾಪ್‌ಟಾಪ್ ಯಾವುದೂ ಇಲ್ಲದವರು ಸ್ಮಾರ್ಟ್ ಟೆಲಿಸ್ಕೋಪನ್ನು ಯೋಚಿಸಬಹುದು. ಸೀಸ್ಟಾರ್ ಎಸ್50 ಎಂಬುದರಲ್ಲಿ 50 ಮಿ.ಮೀ. ಮಸೂರ, 250 ಮಿ.ಮೀ. ಫೋಕಲ್ ಲೆಂಗ್ತ್, ಕ್ಯಾಮೆರಾ, ಮೌಂಟ್, ಡ್ಯುಯಲ್ ಬ್ಯಾಂಡ್ ಫಿಲ್ಟರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿವೆ. 2 ಮೆಗಾಪಿಕ್ಸೆಲ್ ಸೆನ್ಸರ್, ಕೂಲಿಂಗ್ ಇಲ್ಲ, ಒಂದು ಭಾಗವನ್ನು ಬದಲಿಸಿ ಮೇಲೇರುವ ದಾರಿಯೂ ಇಲ್ಲ. ಮಕ್ಕಳಿರುವ ಮನೆಗೆ, ಶಾಲೆಗೆ ಇದು ಬಹಳ ಒಳ್ಳೆಯ ಸಾಧನ ಎಂದೇ ನನ್ನ ಭಾವನೆ.

ಎಚ್ಚರಿಕೆ

ಸೂರ್ಯಗ್ರಹಣದ ದಿನ ಇದೇ ಕ್ಯಾಮೆರಾವನ್ನು ಸೂರ್ಯನ ಕಡೆ ತಿರುಗಿಸುವ ಯೋಚನೆ ಬಂದರೆ, ಟೆಲಿಸ್ಕೋಪಿನ ಮುಂಬದಿಗೆ ಸೌರ ಫಿಲ್ಟರ್ ಇಲ್ಲದೆ ಬೇಡವೇ ಬೇಡ. ಸೆನ್ಸರ್ ಸುಡುತ್ತದೆ, ಬರಿಗಣ್ಣಿಟ್ಟರೆ ಕಣ್ಣು ಹೋಗುತ್ತದೆ.

ಕೂಲಿಂಗ್ ಕ್ಯಾಮೆರಾಗೆ 12 ವೋಲ್ಟ್‌ನ, ಸುಮಾರು 3 ಆಂಪಿಯರ್ ಕೊಡಬಲ್ಲ ಪ್ರತ್ಯೇಕ ವಿದ್ಯುತ್ ಬೇಕು. ಉದ್ದದ ತೆಳು ವಯರಿನಲ್ಲಿ ವೋಲ್ಟೇಜ್ ಕುಸಿದು ಕ್ಯಾಮೆರಾ ನಡುವೆಯೇ ಕೈಕೊಡುತ್ತದೆ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಅಥವಾ ಯುಪಿಎಸ್ ಮೇಲೆಯೇ ಎಲ್ಲವನ್ನೂ ನಡೆಸಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತೇವದಿಂದ ಸೆನ್ಸರಿನ ಮುಂದಿನ ಗಾಜು ಮಂಜಾಗುತ್ತದೆ. ಗಾಜಿಗೆ ಹೀಟರ್ ಇರುವ ಮಾದರಿಯನ್ನೇ ಕೇಳಿ ಕೊಳ್ಳಿ, ಟೆಲಿಸ್ಕೋಪಿನ ಮಸೂರಕ್ಕೂ ಡ್ಯೂ ಹೀಟರ್ ಸುತ್ತಿ. ಮಳೆಗಾಲದಲ್ಲಿ ಎಲ್ಲವೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿರಲಿ. ಮಸೂರಕ್ಕೆ ಒಮ್ಮೆ ಬೂಷ್ಟು ಹಿಡಿದರೆ ಬಿಡಿಸುವುದು ಕಷ್ಟ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಗ್ರಹಗಳಿಗೆಂದು ಮಾಡಿದ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಸೆನ್ಸರಿನ ಕ್ಯಾಮೆರಾವನ್ನು ಅಗ್ಗವೆಂದು ಕೊಂಡು 1200 ಮಿ.ಮೀ. ಟೆಲಿಸ್ಕೋಪಿಗೆ ಹಾಕುವುದು. ನೀಹಾರಿಕೆ ಚಿತ್ರದೊಳಗೆ ಹಿಡಿಸುವುದಿಲ್ಲ, ಅದನ್ನು ಹುಡುಕುವುದೇ ಹರಸಾಹಸ. ಆ ಕ್ಯಾಮೆರಾಕ್ಕೆ ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟಿನ ಚಲನೆ ತಿದ್ದುವ ಗೈಡಿಂಗ್ ಕೆಲಸ ಕೊಡಿ, ಚೆನ್ನಾಗಿ ಮಾಡುತ್ತದೆ.

- 55 ಮಿ.ಮೀ. ಮರೆಯುವುದು. ಅಂಚಿನ ನಕ್ಷತ್ರಗಳನ್ನೂ ದುಂಡಗಾಗಿಸಲು ಟೆಲಿಸ್ಕೋಪಿಗೆ ಜೋಡಿಸುವ ಬಹುಪಾಲು ಫೀಲ್ಡ್ ಫ್ಲ್ಯಾಟ್ನರ್‌ಗಳು ತಮ್ಮ ಹಿಂಬದಿಯಿಂದ ಸೆನ್ಸರಿಗೆ ಸುಮಾರು ಇಷ್ಟೇ ಅಂತರ ಬಯಸುತ್ತವೆ. ತಪ್ಪಿದರೆ ಮೂಲೆಯ ನಕ್ಷತ್ರಗಳಿಗೆ ಬಾಲ ಬರುತ್ತದೆ. ನಡುವೆ ಫಿಲ್ಟರ್ ಸೇರಿಸಿದರೆ ಅದರ ದಪ್ಪದ ಮೂರನೇ ಒಂದು ಭಾಗವನ್ನು ಈ ಅಂತರಕ್ಕೆ ಕೂಡಿಸಿ. ಬೇಕಾದ ಅಡಾಪ್ಟರ್‌ಗಳನ್ನು ಕ್ಯಾಮೆರಾ ಜೊತೆಗೇ ತರಿಸಿ.

- ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿ ಗೆಲಾಕ್ಸಿ ತೆಗೆಯಲು ಹೊರಡುವುದು. ಗೆಲಾಕ್ಸಿಯ ಬೆಳಕು ನಕ್ಷತ್ರಗಳದ್ದು, ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಫಿಲ್ಟರ್ ಅದನ್ನೇ ನುಂಗಿಬಿಡುತ್ತದೆ.

- ಡಿಎಸ್‌ಎಲ್‌ಆರ್‌ನ ‘ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್’ ಆನ್ ಇಟ್ಟಿರುವುದು. ಪ್ರತಿ ಚಿತ್ರಕ್ಕೂ ಅಷ್ಟೇ ಹೊತ್ತಿನ ಡಾರ್ಕ್ ತೆಗೆಯುತ್ತಾ ಅರ್ಧ ರಾತ್ರಿಯನ್ನು ಅದೇ ತಿಂದುಹಾಕುತ್ತದೆ.

- ತಂತ್ರಾಂಶ ಹೊಂದುತ್ತದೆಯೇ ಎಂದು ನೋಡದಿರುವುದು. ಎಎಸ್‌ಐ-ಏರ್ ಎಂಬ ನಿಯಂತ್ರಣ ಪೆಟ್ಟಿಗೆ ಅದನ್ನು ತಯಾರಿಸುವ ಕಂಪನಿಯ ಖಗೋಳ ಕ್ಯಾಮೆರಾಗಳನ್ನೂ ಕೆಲವು ಡಿಎಸ್‌ಎಲ್‌ಆರ್‌ಗಳನ್ನೂ ಮಾತ್ರ ಗುರುತಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೀನಾ ಬಳಸಿ ತೆಗೆದು, ಸಿರಿಲ್‌ನಲ್ಲಿ ಚಿತ್ರಗಳನ್ನು ಕೂಡಿಸುವವರಿಗೆ ಈ ಕಟ್ಟುಪಾಡಿಲ್ಲ. ಎರಡೂ ಉಚಿತ.

ಬಳಸಿದ ಕ್ಯಾಮೆರಾ ಕೊಳ್ಳುವವರಿಗೆ

ಮದುವೆ ಫೋಟೋಗ್ರಾಫರ್‌ಗಳು ಮಿರರ್‌ಲೆಸ್‌ಗೆ ಹೋದ ಮೇಲೆ ಹಳೆಯ ಡಿಎಸ್‌ಎಲ್‌ಆರ್‌ಗಳು ಕಡಿಮೆ ಬೆಲೆಗೆ ಸಿಗುತ್ತಿವೆ. ಶಟರ್ ಲಕ್ಷ ಸಲ ಬಡಿದಿದೆ ಎಂದು ಗಾಬರಿಯಾಗಬೇಡಿ. ಎರಡೆರಡು ನಿಮಿಷದ ಚಿತ್ರಗಳನ್ನು ನಾಲ್ಕು ಗಂಟೆ ತೆಗೆದರೂ ನಿಮ್ಮ ಒಂದು ರಾತ್ರಿಗೆ 120 ಸಲವಷ್ಟೇ ಬಡಿಯುವುದು. ಮದುವೆ ಮನೆಯಲ್ಲಿ ಧಾರೆಯ ಹೊತ್ತಿಗೇ ಅದು ಮುಗಿದಿರುತ್ತದೆ. ನೋಡಬೇಕಾದ್ದು ಸೆನ್ಸರನ್ನು. ಲೆನ್ಸ್ ತೆಗೆದು ಮುಚ್ಚಳ ಹಾಕಿ, ಐಎಸ್‌ಒ 1600ರಲ್ಲಿ ಐದು ನಿಮಿಷದ ಒಂದು ಚಿತ್ರವನ್ನು ರಾ ರೂಪದಲ್ಲಿ ತೆಗೆಯಿರಿ. ಅಲ್ಲಲ್ಲಿ ಬಣ್ಣದ ಚುಕ್ಕೆಗಳಿದ್ದರೆ ಪರವಾಗಿಲ್ಲ, ಡಾರ್ಕ್ ಫ್ರೇಮ್ ಅವನ್ನು ಕಳೆಯುತ್ತದೆ. ಅಡ್ಡಡ್ಡ ಪಟ್ಟೆಗಳು ಎದ್ದುಕಂಡರೆ ಆ ಕ್ಯಾಮೆರಾ ಬೇಡ. ಕೂಲಿಂಗ್ ಇರುವುದಾದರೆ ಹೊರಗಿನ ಉಷ್ಣಾಂಶಕ್ಕಿಂತ 30 ಡಿಗ್ರಿ ಕೆಳಗಿನ ಅಂಕಿ ಕೊಟ್ಟು ಅರ್ಧ ಗಂಟೆ ಓಡಿಸಿ. ಅಂಕಿ ಮುಟ್ಟಿ ಅಲ್ಲೇ ನಿಲ್ಲಬೇಕು. ಆಮೇಲೆ ಟಾರ್ಚ್ ಹಿಡಿದು ಸೆನ್ಸರ್ ನೋಡಿ: ಮೇಲೆ ಹಿಮದ ಪೊರೆ ಕಂಡರೆ ಒಳಗೆ ತೇವ ಸೇರಿದೆ ಎಂದರ್ಥ. ಒಳಗಿನ ತೇವಹೀರುವ ಗುಳಿಗೆ ಬದಲಿಸಿ ಮತ್ತೆ ಓಡಿಸಿ ತೋರಿಸುವವರೆಗೆ ಹಣ ಕೊಡಬೇಡಿ.